ಕಿತ್ತಳೆ ದೀಪ ಆರಿಸಲು ಒಪ್ಪದ ಮಾರ್ತಾಂಡ

ಬೆಳಗಿನ ಐದೂವರೆ. ಪುಣೆಯ ಸಾತಾರಾ ರಸ್ತೆಯ ಕ್ಯಾನ್ಸರ್ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಮಾರ್ತಾಂಡ ಹಲಗತ್ತಿ ಮೊಣಕಾಲೂರಿ ಕೂತಿದ್ದಾರೆ. ಏಸಿ ಕೊರೆಯುವ ಕೋಣೆ. ಮೈಮೇಲೆ ಅರ್ಧ ತೋಳಿನ ಸ್ವೆಟರ್, ಕಿವಿಗೆ ಮಫ್ಲರ್. ಎದುರಿಗೆ ಆಳೆತ್ತರದ ಕಪ್ಪು ರ‍್ಯಾಕು. ಅದರ ನಡುವಿನ ಪೆಟ್ಟಿಗೆಯ ಮೂಲೆಯಲ್ಲಿ ಕಡಲೆ ಕಾಳಿನಷ್ಟು ದೀಪವೊಂದು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿದೆ. ಅದನ್ನು ಆರಿಸುವುದು ಅವರಿಗೆ ಅರ್ಧ ನಿಮಿಷದ ಕೆಲಸ. ಆದರೂ ಆರಿಸುತ್ತಿಲ್ಲ.

ಮೇಲೆ, ಮೊದಲ ಮಹಡಿಯಲ್ಲಿ, ಎಂಟು ಗಂಟೆಗೆ ವಿಕಿರಣ ಚಿಕಿತ್ಸೆ ಶುರುವಾಗಬೇಕು. ಇವತ್ತಿನ ಪಟ್ಟಿಯಲ್ಲಿ ಮೂವತ್ತೆಂಟು ಜನ. ಯಾರ ಮೈಯ ಯಾವ ಜಾಗಕ್ಕೆ, ಯಾವ ಕೋನದಿಂದ, ಎಷ್ಟು ಹೊತ್ತು ಕಿರಣ ಬೀಳಬೇಕು ಎಂಬ ನಕ್ಷೆಗಳೆಲ್ಲ ಈ ಪೆಟ್ಟಿಗೆಯೊಳಗಿನ ಡಿಸ್ಕುಗಳಲ್ಲಿವೆ. ನಕ್ಷೆ ತೆರೆಯದಿದ್ದರೆ ಚಿಕಿತ್ಸೆಯ ಯಂತ್ರ ಮಿಸುಕುವುದಿಲ್ಲ. ಭೋರ್‌ನಿಂದ ಮೊದಲ ಬಸ್ಸು ಹಿಡಿದವರು ಆಗಲೇ ದಾರಿಯಲ್ಲಿದ್ದಾರೆ.

ಮಾರ್ತಾಂಡ ಅವರಿಗೆ ಐವತ್ಮೂರು. ದೊಡ್ಡ ಸಂಸ್ಥೆಗಳ ಮಾಹಿತಿ ಕೂಡಿಡುವ ಸ್ಟೋರೇಜ್ ಪೆಟ್ಟಿಗೆಗಳ ರಿಪೇರಿ ಅವರ ಕಸುಬು. ಧಾಯರಿಯಲ್ಲಿರುವ ಅವರ ಹೌಸಿಂಗ್ ಸೊಸೈಟಿಯ ಜನಕ್ಕೆ ಇದು ಅರ್ಥವಾಗುವ ಸಂಗತಿಯಲ್ಲ. 'ಕಂಪ್ಯೂಟರ್ ರಿಪೇರಿ' ಎಂದಷ್ಟೇ ತಿಳಿದ ಅವರು ಭಾನುವಾರ ಬಂತೆಂದರೆ ಕೆಟ್ಟ ಪ್ರಿಂಟರ್ ಹೊತ್ತು ಬಾಗಿಲು ತಟ್ಟುತ್ತಾರೆ. ಇವರೂ ಬೇಡವೆನ್ನದೆ ಬಿಚ್ಚಿ ಕೂರುತ್ತಾರೆ.

ಪೆಟ್ಟಿಗೆಯ ಗುಟ್ಟನ್ನು ಅವರ ಬಾಯಲ್ಲೇ ಕೇಳಬೇಕು. "ಕಾತ್ರಜ ಘಾಟ್ ನೋಡೀರಲ್ರಿ? ಗುಡ್ಡ ಕೊರದ ಹೊಸಾ ಬೋಗದಾ ಒಂದು, ಹಳೇ ಘಾಟ್ ಒಂದು. ಎರಡೂ ಹಾದಿ ಪುಣೇಕ್ಕ ಬರ್ತಾವ. ಇದರಾಗೂ ಹಂಗ ಡಿಸ್ಕಿಗೆ ಹಾದಿ ಕೊಡೂ ಎರಡು ಕಂಟ್ರೋಲರ್ ಅದಾವ, ಎ ಮತ್ತ ಬಿ. ಡಿಸ್ಕಿನ ಒಂದೊಂದು ಪಾಲಿಗೆ ವಾಲ್ಯೂಮ್ ಅಂತಾರ. ಒಂದೊಂದು ವಾಲ್ಯೂಮಿಗೆ ಒಬ್ಬ ಮಾಲಕ, ಎ ಇಲ್ಲಾ ಬಿ. ಎ ಕಡೆ ಹಾದಿ ಬಂದ್ ಆತು ಅಂದ್ರ ವಾಲ್ಯೂಮ್ ಬಿ ಕಡೆ ಹೋಗಿ ಕುಂದರ್ತದ. ಕೆಲಸ ನಿಲ್ಲೂದಿಲ್ಲ. 'ನಾ ನನ್ನ ಮಾಲಕನ ಹತ್ರ ಇಲ್ಲ' ಅಂತ ಹೇಳಾಕ ಈ ದೀಪ ಹತ್ತತದ."

ಹಾಗೆ ಹೋದ ವಾಲ್ಯೂಮನ್ನು ಮೊದಲ ಮಾಲೀಕನಿಗೆ ಮರಳಿಸಲು ಪರದೆಯ ಮೇಲೊಂದು ಗುಂಡಿಯಿದೆ. ಒತ್ತಿದರೆ ದೀಪ ಆರುತ್ತದೆ, ದೂರದ ಕಚೇರಿಗಳ ವರದಿಯಲ್ಲಿ ಹಸಿರು ಬರುತ್ತದೆ, ಎಲ್ಲರಿಗೂ ಸಮಾಧಾನ. ವಾಲ್ಯೂಮ್ ಮನೆ ಬಿಟ್ಟು ಹೋಗಿದ್ದೇಕೆ ಎಂದು ಮಾತ್ರ ಗುಂಡಿ ಕೇಳುವುದಿಲ್ಲ. ಈ ಕಸುಬಿನ ದೊಡ್ಡ ಅನಾಹುತಗಳು ಹುಟ್ಟುವುದು ಅಲ್ಲಿಯೇ.

ಆರೂ ಹತ್ತಕ್ಕೆ ಫೋನು ಬರುತ್ತದೆ. ಬೆಂಗಳೂರಿನಲ್ಲಿ ಕೂತು ಇಂಥ ನೂರಾರು ಪೆಟ್ಟಿಗೆಗಳ ಲೆಕ್ಕ ನೋಡುವ ಮ್ಯಾನೇಜರ್ ಪ್ರೇಮಕುಮಾರ್. ಮಾರ್ತಾಂಡ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. "ಮಾರ್ತಾಂಡ್ ಸರ್, ಏನ್ ಸರ್ ಇನ್ನೂ ಆರೆಂಜ್ ತೋರಿಸ್ತಾ ಇದೆ? ವಾಲ್ಯೂಮ್ ವಾಪಸ್ ಕಳಿಸ್ಬಿಡಿ, ಗ್ರೀನ್ ಬರತ್ತೆ. ಕಾರಣ ಆಮೇಲೆ ನೋಡ್ಕೊಳೋಣ. ಏಳಕ್ಕೆ ನನ್ ರಿಪೋರ್ಟ್ ಹೋಗ್ಬೇಕು."

"ಬರ್ತದ್ರಿ ಸರ್," ಎನ್ನುತ್ತಾರೆ ಮಾರ್ತಾಂಡ, ಕಣ್ಣು ದೀಪದ ಮೇಲಿಂದ ತೆಗೆಯದೆ. "ಹಸಿರು ಬರ್ತದ. ಎರಡು ವರ್ಷದ ಹಿಂದನೂ ಬಂದಿತ್ತು."

ಫೋನು ಕಟ್ಟಾಗುತ್ತದೆ.

ಎರಡು ವರ್ಷದ ಹಿಂದೆ ಇದೇ ಕೋಣೆ, ಇದೇ ಪೆಟ್ಟಿಗೆ. ಅವತ್ತೂ ದೀಪ ಹತ್ತಿತ್ತು. ಶಿರೂರಿನ ಕಾರ್ಖಾನೆಯೊಂದರಿಂದ ಬೆಳಗಿನಿಂದ ನಾಲ್ಕು ಸಲ ಕರೆ ಬಂದಿತ್ತು. ಅಲ್ಲಿಗೆ ಹೋಗಲು ಎರಡು ಗಂಟೆಯಾದರೂ ಬೇಕು. ಮಾರ್ತಾಂಡ ಗುಂಡಿ ಒತ್ತಿದರು. ದೀಪ ಆರಿತು. ಸಹಿ ಪಡೆದು ಸ್ಕೂಟರ್ ಹತ್ತಿದರು. "ಯಾರೂ ಒತ್ತು ಅಂತ ಹೇಳಿರಲಿಲ್ಲರಿ. ಗಡಬಿಡಿ ನಂದಽ ಇತ್ತು. ನಾನಽ ಒತ್ತಿದೆ," ಎಂದು ಹೇಳುವಾಗ ಅವರ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಎ ಕಡೆಯ ಕೇಬಲ್ ಅರ್ಧ ಸತ್ತಿತ್ತು. ಅವರು ದಾರಿಯಲ್ಲಿ ವಾಘೋಲಿ ದಾಟುವ ಹೊತ್ತಿಗೆ ವಾಲ್ಯೂಮ್ ಎ ಇಂದ ಬಿ ಗೆ, ಬಿ ಇಂದ ಎ ಗೆ ಜಗ್ಗಾಡತೊಡಗಿತ್ತು. ಮೂರು ಗಂಟೆಯಲ್ಲಿ ಆರುನೂರಕ್ಕೂ ಹೆಚ್ಚು ಸಲ. ಬರೆಯುತ್ತಿದ್ದುದು ನಡುವೆಯೇ ಹರಿದು ಕಡತಗಳ ಪಟ್ಟಿಯೇ ಕೆಟ್ಟಿತು. ಬ್ಯಾಕಪ್ ಇದ್ದೇ ಇದೆ ಎಂದುಕೊಂಡರು. ಬ್ಯಾಕಪ್ಪೂ ಅದೇ ಮುರುಕು ದಾರಿಯಲ್ಲಿ ಓಡಾಡುತ್ತಿದ್ದರಿಂದ ಹನ್ನೊಂದು ದಿನಗಳಿಂದ ಸದ್ದಿಲ್ಲದೆ ಅರೆಬರೆಯಾಗಿತ್ತು. ಆ ಹನ್ನೊಂದು ದಿನಗಳಲ್ಲಿ ಬರೆದ ಒಂಬತ್ತು ರೋಗಿಗಳ ನಕ್ಷೆಗಳು ಹೋದವು. ಮತ್ತೆ ಸ್ಕ್ಯಾನ್, ಮತ್ತೆ ನಕ್ಷೆ, ಮತ್ತೆ ತಪಾಸಣೆ ಆಗಲು ಆರು ದಿನ ಹಿಡಿಯಿತು.

ಆ ಆರೂ ದಿನ ಮಾರ್ತಾಂಡ ಆಸ್ಪತ್ರೆಯಲ್ಲೇ ಇದ್ದರು. ಮೊದಲ ಮಹಡಿಯ ಬೆಂಚಿನ ಮೇಲೆ ಬಾರಾಮತಿ ಕಡೆಯ ಸಕ್ಕುಬಾಯಿ ಎಂಬ ಹೆಂಗಸು ಕೂತಿರುತ್ತಿದ್ದರು. ಗಂಟಲಿನ ಕ್ಯಾನ್ಸರ್. ಏಳು ಸಲ ಕಿರಣ ಕೊಟ್ಟಾಗಿತ್ತು, ಎಂಟನೆಯದಕ್ಕೆ ನಕ್ಷೆ ಇರಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡವರೆಲ್ಲ ಆಸ್ಪತ್ರೆಯವರೇ ಎಂಬುದು ಅವರ ಎಣಿಕೆ. ಇವರನ್ನು ಕಂಡಾಗಲೆಲ್ಲ ಒಡೆದ ದನಿಯಲ್ಲಿ, "ಆಜ್ ಹೋಣಾರ್ ಕಾ, ಭಾವು?" ಎಂದು ಕೇಳುತ್ತಿದ್ದರು. ಇವತ್ತು ಆಗುತ್ತದೇನಣ್ಣ ಎಂದು. "ಉದ್ಯಾ," ಎನ್ನುತ್ತಿದ್ದರು ಮಾರ್ತಾಂಡ. ನಾಳೆ. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ದಿನ ಆಕೆ ತಾವು ತಂದಿದ್ದ ಪೇರಲ ಹಣ್ಣೊಂದನ್ನು ಇವರ ಕೈಗಿಟ್ಟರು. ಆಕೆಗೆ ಅದನ್ನು ನುಂಗಲು ಆಗುತ್ತಿರಲಿಲ್ಲವಂತೆ.

ನಾಲ್ಕು ತಿಂಗಳಿಗೆ ಸಕ್ಕುಬಾಯಿ ತೀರಿಕೊಂಡರು. ಆ ಆರು ದಿನಗಳಿಂದಲೇ ಹೀಗಾಯಿತೇ ಎಂದು ಮಾರ್ತಾಂಡ ಡಾಕ್ಟರನ್ನು ಕೇಳಿದರು. "ಹೌದೆನ್ನಲಾರೆ, ಅಲ್ಲವೆನ್ನಲೂ ಆರೆ," ಎಂದರಂತೆ ಅವರು. ವಿಚಾರಣೆಯ ಹದಿನಾಲ್ಕು ಪುಟಗಳ ವರದಿಯಲ್ಲಿ ಕಾರಣ 'ಯಂತ್ರದೋಷ' ಎಂದಿದೆ. ಮಾರ್ತಾಂಡ ಎಂಬ ಹೆಸರು ಎಲ್ಲಿಯೂ ಇಲ್ಲ. ಎಲೆಮರೆಯಲ್ಲಿ ದುಡಿಯುವವರ ಒಳ್ಳೆಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ನಾವು ಮರುಗುತ್ತೇವೆ. ಅವರ ತಪ್ಪೂ ಯಾರ ಕಣ್ಣಿಗೂ ಬೀಳುವುದಿಲ್ಲ. ಬೈದು ಹಗುರ ಮಾಡುವವರೂ ಇಲ್ಲದೆ ಅದನ್ನು ಅವರೊಬ್ಬರೇ ಹೊರಬೇಕಾಗುತ್ತದೆ.

"ಅವತ್ತಿನಿಂದ ಇವರ ಬಾಯಾಗ ನಾಳೆ ಅನ್ನೂ ಮಾತಽ ಇಲ್ಲರಿ," ಎನ್ನುತ್ತಾರೆ ಹೆಂಡತಿ ಮುಕ್ತಾ. ನಿಪ್ಪಾಣಿಯವರು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. "ಗ್ಯಾಸ್ ಯಾವಾಗ ಬರ್ತದ ಅಂದ್ರ ಗುರುವಾರ ಅಂತಾರ. ನಾಳೆನಽ ಗುರುವಾರ ಇರ್ತದ. ಆದ್ರೂ ನಾಳೆ ಅನ್ನೂದಿಲ್ಲ."

ರಾಮದುರ್ಗ ತಾಲೂಕಿನವರಾದ ಮಾರ್ತಾಂಡ ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದದ್ದು ಟೀವಿ ರಿಪೇರಿ ಅಂಗಡಿಯ ಕೆಲಸಕ್ಕೆ. ಅಲ್ಲಿಂದ ಬ್ಯಾಂಕುಗಳ ಟೇಪ್ ಯಂತ್ರ, ಆಮೇಲೆ ಈ ಪೆಟ್ಟಿಗೆಗಳು; ಇದೇ ಕೆಲಸದಲ್ಲಿ ಇಪ್ಪತ್ಮೂರು ವರ್ಷ. ಈಗ ಹದಿನಾಲ್ಕು ಜಾಗಗಳ ಇಪ್ಪತ್ತಾರು ಪೆಟ್ಟಿಗೆಗಳು ಅವರ ಪಾಲಿಗಿವೆ. ದಿನಕ್ಕೆ ಎಂಬತ್ತು ಕಿಲೋಮೀಟರ್ ಸ್ಕೂಟರ್, ಬೆನ್ನ ಮೇಲೆ ಒಂಬತ್ತು ಕೆಜಿ ಚೀಲ. ಸೊಂಟ ನೋವು, ಎಡ ಮೊಣಕಾಲಿಗೆ ಪಟ್ಟಿ. ಚೀಲದಲ್ಲಿ ಉಪಕರಣಗಳ ಜೊತೆ ಕೇಬಲ್ ಕಟ್ಟುವ ವೆಲ್ಕ್ರೋ ಪಟ್ಟಿಯ ಸುರುಳಿಯೂ ಇರುತ್ತದೆ. ರವಿವಾರ ಪೇಠೆಯಲ್ಲಿ ಮುಕ್ತಾ ಹೊಲಿಗೆ ಸಾಮಾನು ಕೊಳ್ಳುವಾಗ ಇವರಿಗೆಂದೇ ಕೊಂಡು ತರುತ್ತಾರೆ. ಕೇಬಲ್ಲಿಗೆ ಪ್ಲಾಸ್ಟಿಕ್ ಕಟ್ಟು ಬಿಗಿಯುವವರನ್ನು ಕಂಡರೆ ಮಾರ್ತಾಂಡರಿಗೆ ಆಗುವುದಿಲ್ಲ.

ಇವತ್ತು ಸಿಕ್ಕಿದ್ದೂ ಅದೇ.

ದೋಷ ಹುಡುಕುವ ಅವರ ರೀತಿಗೆ 'ಹಾದಿ ನಡೆಯೂದು' ಎಂದು ಹೆಸರು. ಪರದೆ ಹೇಳಿದ್ದನ್ನು ನಂಬಿ ಕೂರುವುದಿಲ್ಲ. ಸರ್ವರ್‌ನಿಂದ ಹೊರಟ ಕೇಬಲ್ಲಿನ ಮೇಲೆ ಬೆರಳಿಟ್ಟು, ಬೆರಳು ಎತ್ತದೆ, ಪೆಟ್ಟಿಗೆಯವರೆಗೂ ಸವರಿಕೊಂಡು ಬರುತ್ತಾರೆ. ಆರೂ ಮುಕ್ಕಾಲಿಗೆ ರ‍್ಯಾಕಿನ ಹಿಂದೆ ಬೆರಳು ನಿಲ್ಲುತ್ತದೆ. ನಿನ್ನೆ ಏಸಿ ರಿಪೇರಿಗೆ ಬಂದವರು ತಮಗೆ ಅಡ್ಡವಾದ ಕೇಬಲ್ಲುಗಳನ್ನೆಲ್ಲ ಒಟ್ಟು ಮಾಡಿ ಪ್ಲಾಸ್ಟಿಕ್ ಕಟ್ಟಿನಿಂದ ಜಗ್ಗಿ ಬಿಗಿದಿದ್ದಾರೆ. ನಡುವೆ ಸಿಕ್ಕಿದ ಎ ಕಡೆಯ ಕೇಬಲ್ ಮಡಚಿಕೊಂಡು, ಒಳಗಿನ ಗಾಜಿನ ಎಳೆ ಸೀಳಿದೆ. ಮಾರ್ತಾಂಡ ಕಟ್ಟು ಕತ್ತರಿಸಿ ಹೊಸ ಕೇಬಲ್ ಎಳೆಯುತ್ತಾರೆ.

ಇಷ್ಟಕ್ಕೇ ಎದ್ದು ಹೋಗಬಹುದಿತ್ತು. ನಕ್ಷೆಗಳನ್ನು ಓದುವುದು ಎರಡು ಸರ್ವರ್. ಮೊದಲನೆಯದರ ದಾರಿ ಸರಿಯಾಯಿತು. ಎರಡನೆಯದರದೂ ನಡೆದು ನೋಡುತ್ತಾರೆ. ಅದರ ಬಿ ಕಡೆಯ ದಾರಿ ಸತ್ತು ಎಷ್ಟು ದಿನವಾಗಿತ್ತೋ, ಎ ಕಡೆಯಿಂದಲೇ ಕೆಲಸ ನಡೆಯುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಎರಡೂ ಕೇಬಲ್ ಕೆಟ್ಟೇ ಇದ್ದು, ಚಿಕಿತ್ಸೆ ಶುರುವಾಗಿ ಎರಡೂ ಸರ್ವರ್ ಒಟ್ಟಿಗೆ ಎದ್ದಿದ್ದರೆ, ಮೊದಲನೆಯದು ವಾಲ್ಯೂಮನ್ನು ಬಿ ಕಡೆಗೆ, ಎರಡನೆಯದು ಎ ಕಡೆಗೆ ಎಳೆಯುತ್ತಿದ್ದವು. ಐದೂವರೆಗೆ ಗುಂಡಿ ಒತ್ತಿದ್ದರೂ ಈ ಎಳೆದಾಟ ತಪ್ಪುತ್ತಿರಲಿಲ್ಲ. ಹಸಿರು ದೀಪ ನೋಡಿಕೊಂಡು ಎಲ್ಲರೂ ನಿಶ್ಚಿಂತೆಯಿಂದ ಇರುತ್ತಿದ್ದರು, ಅಷ್ಟೇ.

ಮಾರ್ತಾಂಡ ಆ ಕೇಬಲ್ಲನ್ನೂ ಬದಲಿಸುತ್ತಾರೆ.

ಏಳೂ ಕಾಲಿಗೆ ಬಂದ ಸಾಯಲಿ, ನಕ್ಷೆ ಬರೆಯುವ ವಿಭಾಗದ ತರುಣಿ, ಬಾಗಿಲಲ್ಲೇ ನಿಂತು ಮರಾಠಿಯಲ್ಲಿ ಕೇಳುತ್ತಾಳೆ, "ಕಾಕಾ, ರೋಗಿಗಳನ್ನು ಎಂಟಕ್ಕೆ ಕರೆಯಲೇ, ಬೇಡವೇ?" ಮೊದಲು ಮೂವತ್ತೆಂಟೂ ತೆರೆದು ನೋಡಮ್ಮ ಎನ್ನುತ್ತಾರೆ ಮಾರ್ತಾಂಡ. ಆಕೆ ಒಂದೊಂದನ್ನೇ ತೆರೆದು ಹೆಸರು ಓದುತ್ತಾಳೆ, ಇವರು ದೋಷಗಳ ಎಣಿಕೆ ನೋಡುತ್ತಾರೆ. ಸೊನ್ನೆ. ಕೊನೆಯ ಹೆಸರಿಗೂ ಸೊನ್ನೆ. ಆಮೇಲೆ ಗುಂಡಿ ಒತ್ತುತ್ತಾರೆ. ಏಳೂ ನಲವತ್ತಕ್ಕೆ ದೀಪ ಆರುತ್ತದೆ.

ಅದಾಗಿ ಐದು ನಿಮಿಷಕ್ಕೆ ಪ್ರೇಮಕುಮಾರ್ ಮತ್ತೆ ಫೋನಿನಲ್ಲಿ. ಈ ಸಲ ದನಿ ಮೆತ್ತಗಿದೆ. "ಸರ್, ಬೇಜಾರ್ ಮಾಡ್ಕೋಬೇಡಿ. ಒಂದ್ ಕಂಪ್ಲೇಂಟ್ ಕ್ಲೋಸ್ ಮಾಡೋಕೆ ನಿಮ್ಗೆ ಎರಡ್ಮೂರು ಗಂಟೆ ಆಗತ್ತೆ. ಬೇರೆಯವ್ರಿಗೆ ಇಪ್ಪತ್ ನಿಮಿಷ. ಮೇಲಿನವ್ರು ನೋಡೋದು ಅದೊಂದನ್ನೇ. ಒಂದನೇ ತಾರೀಖಿಂದ ಆ ಆಸ್ಪತ್ರೆ ರಿಮೋಟ್ ಟೀಮಿಗೆ ಹೋಗತ್ತೆ. ನಾನ್ ಹೇಳ್ ನೋಡ್ದೆ ಸರ್, ಕೇಳ್ಲಿಲ್ಲ."

ರಿಮೋಟ್ ತಂಡ ಎಂದರೆ ಇನ್ನೊಂದು ಊರಿನ ಕುರ್ಚಿಯಲ್ಲಿ ಕೂತು ಗುಂಡಿ ಒತ್ತುವವರು. ಅಲ್ಲಿಂದ ಕೇಬಲ್ಲಿನ ಮೇಲೆ ಬೆರಳಿಡಲು ಬರುವುದಿಲ್ಲ. ಇದು ಪ್ರೇಮಕುಮಾರರಿಗೂ ಗೊತ್ತು, ಮಾರ್ತಾಂಡರಿಗೂ ಗೊತ್ತು. ಇನ್ನು ಹನ್ನೊಂದು ದಿನ.

ಮಾರ್ತಾಂಡ ವಾದ ಮಾಡುವುದಿಲ್ಲ. ಚೀಲದಿಂದ ಹಾಳೆಯೊಂದನ್ನು ತೆಗೆದು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಬರೆದು ರ‍್ಯಾಕಿನ ಬಾಗಿಲ ಒಳಮೈಗೆ ಅಂಟಿಸುತ್ತಾರೆ: ದೀಪ ಆರಿಸುವ ಮೊದಲು ಎರಡೂ ದಾರಿ ನಡೆದು ನೋಡಿ. "ಕೆಲಸ ಹೋದ್ರ ಹೋಗ್ಲಿರಿ. ಇದನ್ನ ಯಾರೂ ಹರೀದಿದ್ರ ಸಾಕು," ಎನ್ನುತ್ತಾರೆ. ಅದು ಅಲ್ಲಿ ಎಷ್ಟು ದಿನ ಉಳಿದೀತು ಎಂದು ಅವರಿಗೂ ಭರವಸೆಯಿಲ್ಲ.

ನೆಲಮಾಳಿಗೆಯಿಂದ ಹೊರಹೋಗಲು ಬೇರೆ ದಾರಿಯಿದೆ. ಆದರೂ ಅವರು ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಬರುತ್ತಾರೆ, ಎರಡು ವರ್ಷದಿಂದಲೂ ಹಾಗೆಯೇ. ಬೆಂಚುಗಳು ತುಂಬಿವೆ. ಭೋರ್‌ನಿಂದ ಬಂದ ಮುದುಕಿಯೊಬ್ಬರು ತಲೆಗೆ ಸೆರಗು ಹೊದ್ದು, ಕಡತವನ್ನು ಎದೆಗವಚಿಕೊಂಡು ಕೂತಿದ್ದಾರೆ. ಮಾರ್ತಾಂಡರ ಕೊರಳಿನ ಗುರುತಿನ ಚೀಟಿ ಕಂಡು ಆಕೆ ಇವರತ್ತ ಕತ್ತೆತ್ತುತ್ತಾರೆ.

"ಆಜ್ ಹೋಣಾರ್ ಕಾ, ಭಾವು?"

ಮಾರ್ತಾಂಡ ಬೆನ್ನ ಚೀಲವನ್ನು ಕೆಳಗಿಳಿಸುತ್ತಾರೆ. ಬಗ್ಗಿ, ಹೌದೆಂದು ತಲೆಯಾಡಿಸಿ, ಆಕೆಗೆ ಸರಿಯಾಗಿ ಕೇಳುವಂತೆ ಹೇಳುತ್ತಾರೆ.

"ಹೋ ಮಾವಶಿ. ಆಜ್."