ಏಳನೇ ಆಟದ ಸುದ್ದಿ

ಅಜ್ಜಂಪುರದ ಹೈಸ್ಕೂಲಿಗೆ ನಾನು ಪಿ.ಟಿ. ಟೀಚರಾಗಿ ಬಂದಾಗ ಎಪ್ಪತ್ತರ ದಶಕ ಅರ್ಧ ದಾಟಿತ್ತು. ಈರುಳ್ಳಿ ಮಂಡಿಯವರ ಮನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಬೇಸಿಗೆ ರಜೆಗೆ ಮಿಕ್ಕ ಟೀಚರುಗಳೆಲ್ಲ ಊರಿಗೆ ಹೊರಟರೆ ನಾನು ಅಲ್ಲೇ ಉಳಿಯುತ್ತಿದ್ದೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಊರಲ್ಲಿ ಉಳಿದದ್ದು ಅಣ್ಣನ ಮನೆ. ಅಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಅತ್ತಿಗೆ, ವಾಪಸು ಯಾವ ರೈಲಿಗೆ ಎಂದು ಕೇಳುತ್ತಿದ್ದರು.

ರಜೆಯಲ್ಲಿ ನನಗೆ ಜೊತೆಯೆಂದರೆ ರೇಡಿಯೋ. ಅಮೆರಿಕದಲ್ಲಿ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡುವ ತಂಡಗಳಿವೆ. ವರ್ಷವೆಲ್ಲ ಆಡಿ, ಬೇಸಿಗೆಯ ಹೊತ್ತಿಗೆ ಮುಂದೆ ಬಂದ ತಂಡಗಳು ಮಾತ್ರ ಒಂದರ ಎದುರು ಒಂದು ನಿಲ್ಲುತ್ತವೆ. ಕೊನೆಗೆ ಉಳಿದ ಎರಡು ತಂಡಗಳ ನಡುವೆ ಏಳು ಆಟ. ಮೊದಲು ನಾಲ್ಕು ಗೆದ್ದವರು ಆ ವರ್ಷದ ಚಾಂಪಿಯನ್ನರು. ಅಲ್ಲಿ ಸಂಜೆ ಶುರುವಾಗುವ ಆಟ ನಮಗೆ ಬೆಳಿಗ್ಗೆ ಆರೂವರೆಗೆ ಸಿಗುತ್ತಿತ್ತು, ಶಾರ್ಟ್‌ವೇವಿನಲ್ಲಿ, ಗರಗರ ಸದ್ದಿನ ನಡುವೆ. ಆ ಇಂಗ್ಲಿಷಿನ ವೇಗಕ್ಕೆ ಅರ್ಧ ಮಾತು ತಪ್ಪಿಹೋಗುತ್ತಿತ್ತು. ಅಂಕಗಳು ಮಾತ್ರ ಸ್ಪಷ್ಟವಾಗಿ ಕೇಳುತ್ತಿದ್ದವು. ಬಿಸಿಲು ಏರಿದಂತೆ ದನಿ ತೆಳ್ಳಗಾಗುತ್ತ ಬಂದು, ಅರ್ಧ ಆಟ ಮುಗಿಯುವಷ್ಟರಲ್ಲಿ ಪೂರ್ತಿ ಅಡಗಿಬಿಡುತ್ತಿತ್ತು. ಉತ್ತರಾರ್ಧವನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಕೆಳಗಿನಿಂದ ಮನೆಯ ಯಜಮಾನಿ ಕೂಗುತ್ತಿದ್ದರು: "ಟೀಚರಮ್ಮ, ಬೆಳಗೆದ್ದು ಅದೇನು ಜಗಳ ಹಾಕ್ಕಂಡು ಕೂತಿದೀಯವ್ವ? ಒಂದು ವಚನನಾದ್ರೂ ಹಾಕಬಾರ್ದಾ?"

ಈ ಹುಚ್ಚು ಹತ್ತಿದ್ದು ಮೈಸೂರಿನ ಹಾಸ್ಟೆಲಿನಲ್ಲಿ. ನಾನೂ ನನ್ನ ಗೆಳತಿಯೊಬ್ಬಳೂ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆವು. ನಾನು ಚೆಂಡು ತಂದುಕೊಡುವವಳು, ಗೆಳತಿ ಬುಟ್ಟಿಗೆ ಹಾಕುವವಳು. ನಾನು ಎಸೆಯುವ ಮೊದಲೇ ಅವಳು ಅಲ್ಲಿ ಹೋಗಿ ನಿಂತಿರುತ್ತಿದ್ದಳು. ವಾರ್ಡನ್ನರ ರೇಡಿಯೋದಲ್ಲಿ ಆ ಸ್ಟೇಷನ್ನನ್ನು ಮೊದಲು ಹುಡುಕಿದ್ದೂ ಅವಳೇ. ಓದು ಮುಗಿದು ಇಬ್ಬರಿಗೂ ಒಂದೇ ವರ್ಷ ಕೆಲಸವಾಯಿತು. ನಾನು ಅಜ್ಜಂಪುರಕ್ಕೆ ಬಂದೆ, ಅವಳು ಕಡೂರಿಗೆ. ನಡುವೆ ಬೀರೂರು, ಪ್ಯಾಸೆಂಜರ್ ರೈಲಿನ ದಾರಿ.

ಮೊದಲ ಎರಡು ಬೇಸಿಗೆ ಸುಖವಾಗಿ ಕಳೆದವು. ಬೆಳಗಿನ ಅರ್ಧ ಆಟವನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಸಂಜೆಯ ಕ್ರೀಡಾವಾರ್ತೆ ಹಿಡಿದು ಫಲಿತಾಂಶ ತಿಳಿದುಕೊಳ್ಳುವುದು ಅವಳ ಪಾಲು. ಭಾನುವಾರ ನಾನು ಕಡೂರಿಗೆ ಹೋದರೆ, ಅವಳ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಕಣ ಬರೆದು, ಕೇಳದೆ ಹೋದ ಅರ್ಧವನ್ನು ಹುಣಸೆಬೀಜ ಇಟ್ಟು ಆಡಿ ತೋರಿಸುತ್ತಿದ್ದಳು. ಯಾರು ಯಾರಿಗೆ ಚೆಂಡು ಕೊಟ್ಟಿರಬೇಕು, ಎಲ್ಲಿ ತಪ್ಪಿರಬೇಕು ಎಂದು ಮಧ್ಯಾಹ್ನವೆಲ್ಲ ವಾದ. ಊಟಕ್ಕೆ ಅನ್ನ, ಉಪ್ಪಿನಕಾಯಿ.

ಮೂರನೇ ಬೇಸಿಗೆಗೆ ಮೊದಲೇ ಅವಳ ಮದುವೆಯಾಯಿತು. ಗಂಡನ ಮನೆ ಕಡೂರಿನಲ್ಲೇ, ಕೊಬ್ಬರಿ ವ್ಯಾಪಾರದವರು, ಅನುಕೂಲಸ್ಥರು. ಅವಳು ಕೆಲಸ ಬಿಟ್ಟಳು. ನಾನು ಬರೆದ ಮೂರು ಕಾಗದಗಳಿಗೆ ಒಂದು ಉತ್ತರ ಬಂತು. ಅದರಲ್ಲಿ ಕ್ಷೇಮದ ವಿಷಯ ಬಿಟ್ಟು ಬೇರೇನೂ ಇರಲಿಲ್ಲ.

ಆ ವರ್ಷ ಕೊನೆಯ ಎರಡು ತಂಡಗಳು ಮೂರು ಮೂರು ಆಟ ಗೆದ್ದು ಸಮನಾದವು. ಒಂದು, ನಾವಿಬ್ಬರೂ ಹಾಸ್ಟೆಲಿನ ಕಾಲದಿಂದ ನಮ್ಮದು ಎಂದುಕೊಂಡಿದ್ದ ತಂಡ. ಏಳನೇ ಆಟದ ಬೆಳಿಗ್ಗೆ ದನಿ ಅಡಗುವ ಹೊತ್ತಿಗೆ ನಮ್ಮವರು ಹನ್ನೊಂದು ಅಂಕ ಹಿಂದಿದ್ದರು. ಅವತ್ತು ನಾನು ಅಡಿಗೆ ಮಾಡಲಿಲ್ಲ. ಕ್ರೀಡಾವಾರ್ತೆ ಹಿಡಿಯಲು ಸಂಜೆ ರೇಡಿಯೋವನ್ನು ತಾರಸಿಗೆ ಒಯ್ದು, ಏರಿಯಲ್ ತಂತಿಯನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಸುತ್ತಿ ಕಾದೆ. ಎರಡೇ ವಾಕ್ಯದ ಸುದ್ದಿ ಬಂತು. ನಮ್ಮವರು ಒಂದು ಅಂಕದಿಂದ ಗೆದ್ದಿದ್ದರು.

ತಾರಸಿಯ ಮೇಲೆ ಒಬ್ಬಳೇ ಒಂದು ಸುತ್ತು ಓಡಿದೆ. ಆಮೇಲೆ ನಿಂತೆ. ಕೆಳಗೆ ಯಜಮಾನಿ ರಾಗಿ ಕೇರುತ್ತಿದ್ದರು. ಅವರಿಗೆ ಏನೆಂದು ಹೇಳುವುದು?

ಮರುದಿನ ಮೊದಲ ರೈಲಿಗೆ ಕಡೂರಿಗೆ ಹೋದೆ. ಗೆಳತಿಯ ಮನೆಯ ಅಂಗಳದ ತುಂಬ ಕೊಬ್ಬರಿ ಹರವಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಹೋಳುಗಳನ್ನು ಮಗುಚಿ ಹಾಕುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು, ನಿಜ. ಒಳಗೆ ಕರೆದು ಮಣೆ ಹಾಕಿದಳು. ಅವಳ ಅತ್ತೆ ಒರಳಿನ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು.

"ಗೆದ್ವಿ ಕಣೇ," ಎಂದೆ. "ಹನ್ನೊಂದು ಹಿಂದಿದ್ವಿ. ಕೊನೆಗೆ ಒಂದೇ ಪಾಯಿಂಟಲ್ಲಿ ಗೆದ್ವಿ."

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು: "ಯಾರವ್ವ ಗೆದ್ದಿದ್ದು? ನಿನ್ನ ಸ್ಕೂಲಿನ ಹುಡುಗೀರಾ?"

ಗೆಳತಿ ನನ್ನನ್ನೊಮ್ಮೆ ನೋಡಿದಳು. "ಹೂಂ ಅತ್ತೆ. ಅವಳ ಸ್ಕೂಲಿನೋರು."

"ಒಳ್ಳೇದಾಯ್ತು ಬಿಡು. ಕಾಫಿ ಕೊಡು ಅವಳಿಗೆ."

ಕಾಫಿ ಕುಡಿದೆ. ಗೆಳತಿ ಕೊಬ್ಬರಿಯ ಧಾರಣೆ, ನಾದಿನಿಗೆ ಬಂದ ಸಂಬಂಧ, ತನಗೆ ಮೂರು ತಿಂಗಳು ಎಂಬುದನ್ನೆಲ್ಲ ಹೇಳಿದಳು. ನಾನು ಹೂಂಗುಟ್ಟಿದೆ. ಕೈಚೀಲದಲ್ಲಿದ್ದ ನೋಟ್‌ಬುಕ್ಕನ್ನು ಹೊರಗೆ ತೆಗೆಯಲಿಲ್ಲ. ಬಾಗಿಲವರೆಗೆ ಬಂದವಳು ಮೆಲ್ಲಗೆ, "ನೀನಿನ್ನೂ ಅದನ್ನೆಲ್ಲ ಕೇಳ್ತೀಯಾ?" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು. "ಒಬ್ಳೇ ಎಷ್ಟು ದಿನ ಇರ್ತೀಯೇ? ಇವರ ಕಡೆ ಒಂದು ಗಂಡಿದೆ. ಹೇಳ್ಲಾ?"

"ಬತ್ತೀನಿ ಕಣೇ, ರೈಲಿಗೆ ಹೊತ್ತಾಯ್ತು," ಎಂದೆ. ರೈಲಿಗೆ ಇನ್ನೂ ಎರಡು ಗಂಟೆಯಿತ್ತು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕಾದೆ. ಸಿಟ್ಟು ಅವಳ ಮೇಲಲ್ಲ. ಅತ್ತೆಗೆ ನಿಜ ಹೇಳಲು ಅವಳು ಎಲ್ಲಿಂದ ಶುರುಮಾಡಬೇಕಿತ್ತು? ಕಾಣದ ದೇಶದ, ಮುಖ ನೋಡದ ಗಂಡಸರು ಗೆದ್ದರೆಂದು ಒಬ್ಬ ಹೆಂಗಸು ರೈಲು ಹತ್ತಿ ಬಂದಿದ್ದಾಳೆ ಎಂದೇ? ಅವಳು ನನ್ನ ಮರ್ಯಾದೆ ಉಳಿಸಿದಳು ಅಂತಲೂ ಈಗ ಅನ್ನಿಸುತ್ತದೆ. ಅವತ್ತು ಮಾತ್ರ, ಗೆದ್ದ ಆಟವನ್ನು ಯಾರೋ ಕೈಯಿಂದ ಕಿತ್ತುಕೊಂಡ ಹಾಗಾಗಿತ್ತು.

ಮುಂದೆ ಅವಳಿಗೆ ಮೂವರು ಮಕ್ಕಳಾದರು. ನಾಮಕರಣಗಳಿಗೆಲ್ಲ ಹೋಗಿ ಬಂದೆ. ನಾನು ಮದುವೆಯಾಗಲಿಲ್ಲ. ಬೆಳಗಿನ ಆಟ ಕೇಳುವುದನ್ನೂ ಬಿಡಲಿಲ್ಲ.

ಎಂಬತ್ತರ ದಶಕದಲ್ಲಿ ತರೀಕೆರೆಗೆ ವರ್ಗವಾಯಿತು. ಅಲ್ಲಿನ ಹೆಡ್‌ಮಿಸ್ಟ್ರೆಸ್ಸರ ಮನೆಗೆ ಟೀವಿ ಬಂದಿತ್ತು. ಒಂದು ಭಾನುವಾರ ಕ್ರೀಡಾ ಕಾರ್ಯಕ್ರಮದ ನಡುವೆ, ಹೇಳದೆ ಕೇಳದೆ, ಆ ವರ್ಷದ ಕೊನೆಯ ಸುತ್ತಿನ ಎರಡು ನಿಮಿಷದ ಚಿತ್ರ ಬಂತು. ಅಷ್ಟು ವರ್ಷ ಬರೀ ಹೆಸರಾಗಿದ್ದವರು ಎದುರಿಗೆ ಓಡುತ್ತಿದ್ದರು. ಅವರ ಕಾಲಿನ ವೇಗ ಕಂಡು ನಾನು ಎದ್ದು ಟೀವಿಯ ಹತ್ತಿರಕ್ಕೆ ಹೋದೆ. ಚಿತ್ರದಲ್ಲಿ ಅಲೆ ಎದ್ದು, ಹೆಡ್‌ಮಿಸ್ಟ್ರೆಸ್ಸರ ಮಗ ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದ. ಅವನು ಇಳಿದು ಬರುವಷ್ಟರಲ್ಲಿ ಅದು ಮುಗಿದು ಕುದುರೆ ಓಟ ನಡೆಯುತ್ತಿತ್ತು.

"ಏನ್ರೀ ಅದು ಈಗ ಬಂದಿದ್ದು? ಅಷ್ಟು ಹತ್ರ ಹೋಗಿ ನೋಡ್ತಿದ್ರಿ?" ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು.

"ಬ್ಯಾಸ್ಕೆಟ್‌ಬಾಲು ಮೇಡಂ. ಅಮೆರಿಕದ್ದು."

"ಓಹೋ," ಎಂದು ಅವರು ಚಕ್ಕುಲಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು.