ಅವಳಿಲ್ಲದೆ ಮುಗಿಸಿದ ಸುತ್ತು

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಚಿಂತಾಮಣಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಒಂದೇ ವಠಾರದ ಎರಡು ಕೋಣೆಗಳಲ್ಲಿ ನಾವು ಮೂವರು ಹೆಂಗಸರು ಬಾಡಿಗೆಗಿದ್ದೆವು. ಒಬ್ಬಳು ಟೆಲಿಫೋನ್ ಆಪರೇಟರ್, ಇನ್ನೊಬ್ಬಳು ನರ್ಸು. ಮೂವರಿಗೂ ಮದುವೆಯಾಗಿರಲಿಲ್ಲ. ಭಾನುವಾರ ಬಂತೆಂದರೆ ಬಟ್ಟೆ ಒಗೆಯುವುದು, ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು, ಮಧ್ಯಾಹ್ನ ಮಲಗಿ ಏಳುವುದು, ಅಷ್ಟೇ.

ಒಂದು ಭಾನುವಾರ ಮನಸ್ಸು ಮಾಡಿ ಅಂಬಾಜಿದುರ್ಗ ಹತ್ತಿದೆವು. ಆ ವರ್ಷ ಮಳೆ ಚೆನ್ನಾಗಿತ್ತು. ಮೇಲಿನ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದ ನರ್ಸು ಸುತ್ತಲೂ ನೋಡಿದಳು.

"ನೋಡ್ರೇ, ಸುತ್ತ ರಾಗಿ ಹೊಲ, ಮಧ್ಯೆ ಈ ಬೆಟ್ಟದ ಸಾಲು. ದ್ವೀಪ ಇದ್ದಂಗಿದೆ ಕಣ್ರೇ. ದಡ ಹಿಡ್ಕೊಂಡು ಒಂದು ಸುತ್ತು ಬರೋಣ್ವಾ?"

"ಅಷ್ಟೂ ಸುತ್ತನಾ? ಕಾಲು ಬಿದ್ದೋಗುತ್ತೆ ನಂಗೆ," ಎಂದಳು ಆಪರೇಟರ್.

"ಒಂದೇ ದಿನಕ್ಕೆ ಯಾರಂದ್ರು? ಒಂದೊಂದು ಭಾನುವಾರ ಒಂದೊಂದು ತುಂಡು. ಎಲ್ಲಿ ನಿಲ್ಲಿಸ್ತೀವೋ ಮುಂದಿನ ಸಲ ಅಲ್ಲಿಂದ್ಲೇ ಶುರು. ಆದ್ರೆ ಮೂರೂ ಜನ ಇದ್ರೇನೇ. ಒಬ್ರು ಬರ್ಲಿಲ್ಲ ಅಂದ್ರೆ ಇಲ್ಲ."

ಹಾಗೆ ಶುರುವಾಯಿತು. ಯಾರಿಗೂ ಡ್ಯೂಟಿ ಇಲ್ಲದ ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ, ಹಿಂದಿನ ಸಲ ನಿಲ್ಲಿಸಿದ ಊರಲ್ಲಿ ಇಳಿದು, ಬೆಟ್ಟದ ಬುಡ ಬಿಡದೆ ನಡೆಯುತ್ತಿದ್ದೆವು. ಮೊದಲ ಸಲ ಒಂದು ಊರಿನ ಹೆಂಗಸರು ನಮ್ಮನ್ನು ಕಂಡು ಬಾಗಿಲು ಹಾಕಿಕೊಂಡರು. ಮೂವರು ಸೀರೆಯುಟ್ಟವರು ಚೀಲ ಹಿಡಿದು ಬಂದಿದ್ದಾರೆಂದರೆ ಸಂತಾನಹರಣ ಆಪರೇಷನ್ನಿಗೆ ಕರೆದುಕೊಂಡು ಹೋಗುವವರೇ ಎಂದು ಅವರ ಲೆಕ್ಕ. ನರ್ಸು ಜಗಲಿಯ ಮೇಲೆ ಕುಳಿತು, "ಚೀಲದಲ್ಲಿ ಚಿತ್ರಾನ್ನ ಇರೋದಮ್ಮಾ, ಕತ್ರಿ ಅಲ್ಲ," ಎಂದು ಜೋರಾಗಿ ಕೂಗಿದ ಮೇಲೆ ಒಳಗಿನಿಂದ ನಗು ಕೇಳಿಸಿತು. ಒಂದೊಂದೇ ಬಾಗಿಲು ತೆರೆಯಿತು.

ಅಲ್ಲಿಂದ ಮುಂದೆ ಅವಳದೇ ರಾಜ್ಯ. ಮಗುವಿನ ಕಿವಿ ಸೋರುತ್ತದೆ, ಅಜ್ಜನ ಕಾಲಿನ ಹುಣ್ಣು ಮಾಯುತ್ತಿಲ್ಲ ಎಂದು ಜನ ಅವಳನ್ನು ನಿಲ್ಲಿಸಿಕೊಳ್ಳುತ್ತಿದ್ದರು. ನಾನು ಡ್ರಾಯಿಂಗ್ ಹಾಳೆಯ ಮೇಲೆ ನಮ್ಮ ದಾರಿಯ ನಕ್ಷೆ ಬರೆಯುತ್ತಿದ್ದೆ. ಪ್ರತಿ ಕೆರೆ, ಪ್ರತಿ ಗುಡಿ, ಪ್ರತಿ ದೊಡ್ಡ ಬಂಡೆ. ಅದನ್ನು ನೋಡಬೇಕೆಂದು ಯಾರೂ ಕೇಳಲಿಲ್ಲ. ಊರೂರಲ್ಲೂ ವಿಚಾರಿಸುವುದು "ನರ್ಸಮ್ಮ"ನನ್ನೇ. ಇದು ಮನಸ್ಸಿಗೆ ಚುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಳ್ಳಬಲ್ಲೆ. ಆಗ ಯಾರಾದರೂ ಹೀಗೆಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ಒಂದೂವರೆ ವರ್ಷದಲ್ಲಿ ಹೆಚ್ಚುಕಡಿಮೆ ಸುತ್ತಿ ಬಂದೆವು. ಕೈವಾರದ ಕಡೆಯಿಂದ ಹೊರಟು ಮೊದಲ ದಿನದ ಜಾಗ ಮುಟ್ಟುವ ಒಂದು ತುಂಡು ಮಾತ್ರ ಉಳಿದಿತ್ತು. ಅಷ್ಟರಲ್ಲಿ ನರ್ಸಿಗೆ ಗೌರಿಬಿದನೂರಿಗೆ ವರ್ಗವಾಯಿತು. ಮೂಟೆ ಕಟ್ಟುವಾಗಲೂ, "ಆ ತುಂಡು ಹಂಗೇ ಇರ್ಲಿ ಕಣ್ರೇ. ನಾನು ಬರ್ತೀನಿ," ಎಂದಳು.

ಎರಡು ಸಲ ದಿನ ಗೊತ್ತು ಮಾಡಿ, ರಜ ಸಿಗಲಿಲ್ಲವೆಂದು ಕಾಗದ ಬರೆದಳು. ಅಷ್ಟರಲ್ಲಿ ನನಗೂ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಆ ತಿಂಗಳ ಕೊನೆಗೆ ಹೊರಡಬೇಕಿತ್ತು. ಮೂರನೆಯ ಕಾಗದ ನನ್ನ ಹೆಸರಿಗೆ ಶಾಲೆಗೆ ಬಂತು. "ಎರಡನೇ ಭಾನುವಾರ ಖಂಡಿತ ಬರುತ್ತೇನೆ, ಕಾಯಿರಿ," ಎಂದಿತ್ತು. ಅದನ್ನು ಮಡಿಚಿ ಹಾಜರಿ ಪುಸ್ತಕದೊಳಗೆ ಇಟ್ಟೆ. ಇವಳಿಗಾಗಿ ಇನ್ನೆಷ್ಟು ಕಾಯುವುದು ಅನ್ನಿಸಿತು. ಸಂಜೆ ವಠಾರಕ್ಕೆ ಬಂದು ಆಪರೇಟರಿಗೆ ಹೇಳಿದೆ:

"ಅವಳಿಗೆ ಬರಕ್ಕಾಗಲ್ವಂತೆ. ನೀವಿಬ್ರೇ ಮುಗಿಸ್ಬಿಡಿ ಅಂತ ಬರ್ದಿದಾಳೆ."

"ಅವಳು ಹಂಗಂದ್ಲಾ?"

"ಹೂಂ ಕಣೇ."

ಮೊದಲ ಭಾನುವಾರ ನಾವಿಬ್ಬರೇ ಹೋದೆವು. ಆಪರೇಟರ್ ದಾರಿಯುದ್ದಕ್ಕೂ ಹಾಡು ಗುನುಗುತ್ತ ನಡೆದಳು. ನನಗೆ ಆ ದಿನದ ದಾರಿ ನೆನಪೇ ಇಲ್ಲ. ನೆನಪಿರುವುದು, ಹಿಂದಿನ ಸಲ ನಿಲ್ಲಿಸಿದ ಊರಿನಲ್ಲಿ ನಮ್ಮ ಮೂವರನ್ನೂ ಕಂಡಿದ್ದ ಒಬ್ಬ ಮುದುಕಿ. ಹುಣಸೆಹಣ್ಣು ಕುಟ್ಟುತ್ತ ಕುಳಿತವಳು ನಮ್ಮ ಹಿಂದೆ ಕಣ್ಣು ಹಾಯಿಸಿ ತೆಲುಗಿನಲ್ಲಿ ಕೇಳಿದಳು: "ಇಂಕೊಕಾಮೆ ರಾಲೇದಾ?" ಇನ್ನೊಬ್ಬಳು ಬರಲಿಲ್ಲವಾ ಎಂದು. ನಾನು ಬಿರಬಿರನೆ ಮುಂದೆ ನಡೆದೆ. ಮೊದಲ ದಿನದ ಜಾಗ ಮುಟ್ಟಿದಾಗ ಆಪರೇಟರ್ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ನರ್ಸಿಗೆ ಕಾಗದ ಬರೆದು ತಡೆಯಬಹುದಿತ್ತು. ಬರೆಯಲಿಲ್ಲ. ಏನೆಂದು ಬರೆಯುವುದು? ಮೂರನೆಯ ಸಲವೂ ರಜ ಸಿಗಲಾರದೆಂದು ನಂಬಿಕೊಂಡು ಕುಳಿತೆ.

ಎರಡನೇ ಭಾನುವಾರ ಅವಳು ಬಂದಳು. ಗೌರಿಬಿದನೂರಿನಿಂದ ಮೊದಲ ಬಸ್ಸು ಹಿಡಿದು, ಚಿಕ್ಕಬಳ್ಳಾಪುರದಲ್ಲಿ ಬದಲಾಯಿಸಿ, ಶಿಡ್ಲಘಟ್ಟದವರೆಗೂ ನಿಂತುಕೊಂಡೇ ಬಂದಿದ್ದಳು. ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದಳು. ಕೈಯಲ್ಲಿ ಮೂವರಿಗಾಗುವಷ್ಟು ಚಿತ್ರಾನ್ನದ ಡಬ್ಬಿ.

"ಏಳ್ರೇ, ಹೊರಡೋಣ! ಇನ್ನೂ ತಲೆ ಬಾಚಿಲ್ವಾ?"

ಆಪರೇಟರ್ ಬಾಗಿಲಿಗೆ ಬಂದು ಕಕ್ಕಾಬಿಕ್ಕಿಯಾಗಿ ನಿಂತಳು. "ನಾವು ಹೋದ ವಾರಾನೇ ಮುಗಿಸಿದ್ವಲ್ಲೇ. ನೀನೇ ಮುಗಿಸ್ಬಿಡಿ ಅಂತ ಬರ್ದಿದ್ಯಂತೆ?"

ನಾನು ಒಲೆಯ ಮುಂದೆ ಕುಳಿತಿದ್ದೆ. ನರ್ಸು ಅವಳ ಭುಜದಾಚೆಯಿಂದ ನನ್ನನ್ನು ನೋಡಿದಳು. ನಾನು ತಲೆ ಎತ್ತಿ, ಮತ್ತೆ ತಗ್ಗಿಸಿದೆ. ನರ್ಸಿಗೆ ಎಲ್ಲ ತಿಳಿಯಿತು.

"ಹೂಂ, ಬರ್ದಿದ್ದೆ. ಮರ್ತೇಹೋಗಿತ್ತು ನೋಡು. ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದು ಬಗ್ಗಿ ಶೂ ಬಿಚ್ಚಿದಳು.

ಮೂವರೂ ನೆಲದ ಮೇಲೆ ಕುಳಿತು ಚಿತ್ರಾನ್ನ ತಿಂದೆವು. ಅವಳು ಹೊಸ ಆಸ್ಪತ್ರೆಯ ವಿಷಯ ಹೇಳಿದಳು, ನಗಿಸಿದಳು. ಬಸ್ ಸ್ಟ್ಯಾಂಡಿಗೆ ನಾನೊಬ್ಬಳೇ ಹೋಗಿ ಬಿಟ್ಟುಬಂದೆ. ದಾರಿಯಲ್ಲಿ, "ನೋಡೇ, ನಾನು..." ಎಂದು ಶುರುಮಾಡಿದರೆ, "ಬಿಡಮ್ಮ. ಬಸ್ ಬಂತು," ಎಂದು ಹತ್ತಿಕೊಂಡಳು. ಆಮೇಲೆ ಬರೆದ ನಾಲ್ಕು ಕಾಗದಗಳಿಗೆ ಉತ್ತರ ಬರಲಿಲ್ಲ.

ಆರೇಳು ವರ್ಷಗಳ ನಂತರ ತರಬೇತಿಗೆಂದು ಗೌರಿಬಿದನೂರಿಗೆ ಹೋದಾಗ ವಿಳಾಸ ಹುಡುಕಿಕೊಂಡು ಅವಳ ಮನೆಗೆ ಹೋದೆ. ಅವಳಿಗೆ ಮದುವೆಯಾಗಿತ್ತು. ಗಂಡ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಒಳಗೆ ಕರೆದು ಕೂರಿಸಿ ಟೀ ಕೊಟ್ಟಳು. ಮಾತಿನಲ್ಲಿ ಸ್ವಲ್ಪವೂ ಬಿಗುವಿರಲಿಲ್ಲ. ಅದೇ ಧೈರ್ಯದಲ್ಲಿ ಕ್ಷಮೆ ಕೇಳಿದೆ. ಉಳಿದ ಆ ತುಂಡನ್ನು ಜೊತೆಯಲ್ಲಿ ನಡೆಯೋಣ, ಯಾವ ಭಾನುವಾರವಾದರೂ ಸರಿ ಎಂದೆ.

"ನಿನ್ ಮೇಲಿನ ಕೋಪ ಎರಡೇ ತಿಂಗಳಿಗೆ ಹೋಯ್ತಮ್ಮ," ಎಂದಳು. "ಆದ್ರೆ ಅದ್ರ ಜೊತೇಲಿ ಆ ಬೆಟ್ಟದ ಆಸೆನೂ ಹೋಯ್ತು. ಈಗ ಬಾ ಅಂದ್ರೆ ನಿನಗೋಸ್ಕರ ಬರ್ಬೇಕು. ನಂಗೋಸ್ಕರ ಅಲ್ಲ."

ಟೀ ಲೋಟ ಕೆಳಗಿಟ್ಟು ಕೇಳಿದೆ: "ಅವತ್ತು ಯಾಕೆ ನನ್ನ ಮಾನ ಉಳಿಸ್ದೆ?"

"ನಿನ್ ಮಾನಕ್ಕಲ್ಲ ಕಣೇ. ಸುತ್ತು ಮುಗಿಸ್ದೆ ಅಂತ ಅವಳು ಅಷ್ಟು ಖುಷಿಯಾಗಿದ್ಲು. ಮೋಸದಲ್ಲಿ ತನಗೂ ಪಾಲಿದೆ ಅಂತ ಗೊತ್ತಾಗಿದ್ರೆ ಆ ಖುಷಿ ಅವಳಿಗೆ ಉಳೀತಿತ್ತಾ?"

ಅಷ್ಟು ವರ್ಷ ಅವಳು ನನ್ನನ್ನು ಕಾಪಾಡಿದಳೆಂದೇ ತಿಳಿದುಕೊಂಡಿದ್ದೆ.

ಆಪರೇಟರ್ ಚಿಂತಾಮಣಿಯಲ್ಲೇ ನೆಲೆಸಿದ್ದಾಳೆ, ಆಗಾಗ ಸಿಗುತ್ತಾಳೆ. ಮನೆಗೆ ಬಂದವರಿಗೆಲ್ಲ ಬೆಟ್ಟ ಸುತ್ತಿದ ಕಥೆ ಹೇಳುತ್ತಾಳೆ. "ಕೊನೇ ತುಂಡು ಮಾತ್ರ ನಾವಿಬ್ರೇ. ಪಾಪ, ಅವಳೇ ಹೋಗ್ರಿ ಅಂದ್ಲು," ಎನ್ನುವಾಗ ನನ್ನ ಕಡೆ ನೋಡುತ್ತಾಳೆ. ನಾನು ಹೌದೆಂದು ತಲೆಯಾಡಿಸುತ್ತೇನೆ.