ಗಾಳಿ ಹಾಕುವ ಕೈ

ಸೇಡಂನ ಭಜನೆಗಳಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ಬಾರಿಸಿದ ನನಗೆ ಪಿಯಾನೊ ಏನು ಮಹಾ ಅನ್ನಿಸಿತ್ತು. ಬೆರಳಲ್ಲಿ ಒತ್ತುವ ಕರಿ ಮನೆ, ಬಿಳಿ ಮನೆ ಎರಡೂ ವಾದ್ಯಗಳಲ್ಲಿ ಅವೇ ತಾನೆ. ನುರಿತವರೇ ಹೆದರುವ ಪಾಶ್ಚಾತ್ಯ ಕೃತಿಯೊಂದನ್ನು ಮೊಬೈಲಿನಲ್ಲಿ ಕೇಳಿ ಮರುಳಾಗಿ, ಅದನ್ನೇ ಕಲಿಯುತ್ತೇನೆಂದು ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಗೆ ಹೋದೆ. ಅಲ್ಲಿ ನಿವೃತ್ತ ಸಂಗೀತ ಟೀಚರೊಬ್ಬರ ಮನೆಯಲ್ಲಿ ಹಳೆಯ ಪಿಯಾನೊ ಇತ್ತು. ಸಿಮೆಂಟಿನ ಧೂಳು ಕೂರದಿರಲೆಂದು ಅದಕ್ಕೆ ಕೌದಿ ಹೊದಿಸಿದ್ದರು.

ಮೊಬೈಲು ನೋಡಿ ಕಲಿತಿದ್ದ ಬಲಗೈಯ ಭಾಗವನ್ನು ಬಾರಿಸಿ ತೋರಿಸಿದೆ. ಒಂದು ತಪ್ಪೂ ಇರಲಿಲ್ಲ. ಹೊಗಳಲಿ ಎಂದು ಕಾದೆ.

"ಈಗ ಎಡಗೈ ಒಂದೇ ಬಾರಿಸ್ರಿ. ಭಾಳ ಸಾವಕಾಶ" ಎಂದರು ಟೀಚರ್.

ನಾಲ್ಕು ಸ್ವರ ದಾಟುವಷ್ಟರಲ್ಲಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಅಂಗೈ ತಾನಾಗಿಯೇ ಹಿಂದೆ ಮುಂದೆ ಆಡತೊಡಗಿತು. ಹಾಳಾದ್ದು, ಪಿಯಾನೊಗೆ ಗಾಳಿ ಹಾಕುತ್ತಿತ್ತು! ಹಾರ್ಮೋನಿಯಂ ಮುಂದೆ ಕೂತ ಅಷ್ಟೂ ವರ್ಷ ನಾನು ಎಡಗೈಗೆ ಕೊಟ್ಟ ಕೆಲಸ ತಿದಿ ಒತ್ತುವುದೊಂದೇ.

"ಈ ಕೈ ಇನ್ನಾ ಒಂದನೇ ಕ್ಲಾಸಿನ್ಯಾಗ ಅದರಿ. ಆ ಕೃತಿ ಈಗ ಬ್ಯಾಡ್ರಿ."

"ಎಷ್ಟು ತಿಂಗಳು ಬೇಕ್ರಿ?"

"ತಿಂಗಳಲ್ರಿ, ವರ್ಷ ಕೇಳ್ರಿ" ಎಂದು ಅವರು ಕೌದಿ ಎಳೆದು ಪಿಯಾನೊ ಮುಚ್ಚಿದರು. ನನಗೆ ಆಗಲೇ ಐವತ್ತೆಂಟು.

ಸೋಮವಾರ ಮಠದಲ್ಲಿ ಎಂದಿನಂತೆ ವಚನಗಳಿಗೆ ಸಾಥ್ ಕೊಟ್ಟೆ. ಮುಗಿದ ಮೇಲೆ ಹಿರಿಯರೊಬ್ಬರು ಬಂದು, "ಏನ್ ಕೈರಿ ನಿಮ್ಮವು!" ಎಂದರು.

ಬಲಗೈಯೊಂದನ್ನೇ ಎತ್ತಿ ಅವರಿಗೆ ನಮಸ್ಕರಿಸಿದೆ. ಎಡಗೈಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡೆ.